ಮಗುಚಿದ ದೋಣಿಯ ಕೆಳಗಿನ ಗಂಟೆ

ನೀರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬಂದವರನ್ನು ನಾನು ಈ ವಯಸ್ಸಿನಲ್ಲೂ ಎರಡೇ ಮಾತಿನಲ್ಲಿ ಹಿಂದಕ್ಕೆ ಕಳಿಸುತ್ತೇನೆ. ಪುಣೆಯಲ್ಲಿ ಹರೆಯದ ಹುಡುಗಿ ಸೈಕಲ್ ಹತ್ತಿದರೇ ಓಣಿಯ ಜನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಕಾಲವದು. ಆಗ ನಾನು ಸೀರೆಗೆ ಕಚ್ಚೆ ಬಿಗಿದು ಬಾವಿಗೆ ಜಿಗಿಯುತ್ತಿದ್ದೆ. ಜಿಗಿಯಲು ಕಲಿಸಿದವನು ಅಪ್ಪ. ಕಲಿಸಲೇಬೇಕೆಂದು ಅವನಿಗೆ ಅಪ್ಪಣೆ ಮಾಡಿದವಳು ಅವನ ತಾಯಿ, ನನ್ನ ಅಜ್ಜಿ. "ಗಂಡಿರಲಿ, ಹೆಣ್ಣಿರಲಿ, ನಮ್ಮ ಮನ್ಯಾಗ ಹುಟ್ಟಿದ್ದಕ್ಕ ಈಜು ಬರಬೇಕು" ಅಂದಿದ್ದಳಂತೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ನೀರಿಗೆ ಬಿದ್ದವಳು ನಾನು. ಬುರುಡೆ ಬಿಚ್ಚಿದ ದಿನ ಅಜ್ಜಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಅಜ್ಜಿ ಮಾತ್ರ ಎಂದೂ ನೀರಿಗೆ ಇಳಿಯುತ್ತಿರಲಿಲ್ಲ. ಸ್ನಾನಕ್ಕೂ ನದಿಗೆ ಹೋಗುತ್ತಿರಲಿಲ್ಲ, ಹಬ್ಬ ಹುಣ್ಣಿವೆಯ ದಿನಗಳಲ್ಲೂ ಹಿತ್ತಲ ಬಚ್ಚಲೇ ಅವಳ ಗಂಗೆ. ಕಾರಣವಿತ್ತು. ಅವಳು ಒಂದು ದೋಣಿ ಮುಳುಗಿಸಿದವಳು. ಮುಳುಗಿದ ದೋಣಿಯಲ್ಲಿ ಇದ್ದವಳು ಎಂದು ಮನೆಯವರು ಮೆತ್ತಗೆ ಹೇಳುತ್ತಿದ್ದರು. ಅಜ್ಜಿ ತಾನೇ ತಿದ್ದುತ್ತಿದ್ದಳು: "ನಾನಽ ಮುಳುಗಿಸಿದ್ದು. ಸುಳ್ಳ್ಯಾಕ ಹೇಳಬೇಕು?"

ಅದರ ಕತೆ ಹೀಗೆ. ನಮ್ಮದು ಧಾರವಾಡದ ಕಡೆಯಿಂದ ಪುಣೆಗೆ ಬಂದ ಮನೆತನ. ಅಜ್ಜ ದಂಡು ಇರುವ ಕ್ಯಾಂಪಿನ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದ. ಪ್ಲೇಗು ಬಂದ ಒಂದು ವರ್ಷ ಊರಿನ ಅರ್ಧ ಜನ ಮನೆಗೆ ಬೀಗ ಹಾಕಿ ಬಯಲಿಗೆ ಹೋದರು. ನಮ್ಮವರು ಮುಳಾ ನದಿಯ ಆಚೆ ದಂಡೆಯಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡು ಕುಳಿತರು. ಅಲ್ಲಿಗೆ ಹೋದ ಮೇಲೆಯೇ ಅಪ್ಪನಿಗೆ ಜ್ವರ ಬಂತು, ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಅವನಿನ್ನೂ ಚಡ್ಡಿ ತೊಡುವ ಹುಡುಗ. ಗುಡಿಸಲುಗಳ ಹಿಂದೆ ಒಂದು ಹಳೆಯ ಈಶ್ವರನ ಗುಡಿ, ಅದಕ್ಕೆ ಗಂಟೆಯೂ ಇರಲಿಲ್ಲ. ಅಜ್ಜಿ ಅಲ್ಲಿ ಹೋಗಿ ನಿಂತಳು. "ಈಶ್ವರಾ, ನನ್ನ ಮಗಾ ಉಳದರ ನಿನಗ ಗಂಟಿ ಕಟ್ಟತೇನಿ. ಅದರ ಸಪ್ಪಳ ನನ್ನ ಕಿವಿಗೆ ಬೀಳೂತನಕಾ ಹೋಳಿಗಿ ಬಾಯಾಗ ಹಾಕೂದಿಲ್ಲ" ಎಂದು ಹರಕೆ ಹೊತ್ತಳು.

ಹೋಳಿಗೆಯೇ ಯಾಕೆ ಎಂದು ಕೇಳುವವರಿಗೆ ನಮ್ಮ ಕಡೆಯ ಊಟ ಗೊತ್ತಿಲ್ಲ. ಕಾಶಿಗೆ ಹೋದವರು ತಿನ್ನದ ಹಾಗಲಕಾಯಿಯನ್ನೋ ಸೇರದ ಬದನೆಕಾಯಿಯನ್ನೋ ಬಿಟ್ಟು ಬರುತ್ತಾರಲ್ಲ, ಅಂಥ ಜಾಣತನ ಅಜ್ಜಿಗೆ ಆಗದು. ಜೀವಕ್ಕೆ ಯಾವುದು ಹೆಚ್ಚೋ ಅದನ್ನೇ ಬಿಟ್ಟಳು.

ಅಪ್ಪ ಉಳಿದ. ಊರಿಗೆ ಮರಳಿದ ಮೇಲೆ ಅಜ್ಜಿ ತಾಮ್ರ ಕಂಚಿನ ಕೆಲಸದ ತಾಂಬಟರ ಓಣಿಯಲ್ಲಿ ಗಂಟೆ ಎರಕ ಹೊಯ್ಯಿಸಿದಳು. ಕಂಚು ಕುದಿಯುವಾಗ ಅಪ್ಪನ ಸೊಂಟದಿಂದ ಬೆಳ್ಳಿಯ ಉಡದಾರ ಬಿಚ್ಚಿ, ಅದರ ಗೆಜ್ಜೆಗಳ ಸಮೇತ ಮೂಸೆಗೆ ಹಾಕಿದಳು. ಬೆಳ್ಳಿ ಬಿದ್ದರೆ ನಾದ ಚೆನ್ನಾಗಿ ಬರುತ್ತದೆ ಎಂದು ಎರಕದವರು ಹೇಳಿದ್ದರಂತೆ. ಹೇಳದಿದ್ದರೂ ಅವಳು ಹಾಕುತ್ತಿದ್ದಳು ಎಂದು ನನ್ನ ಖಾತ್ರಿ.

ಗಂಟೆಯನ್ನು ಆಚೆ ದಂಡೆಗೆ ಒಯ್ಯಬೇಕಲ್ಲ, ಅಲ್ಲಿದ್ದದ್ದು ಒಂದು ಹಳೆಯ ದೋಣಿ. ಪೇಶ್ವೆಯರ ಕಾಲದಲ್ಲಿ ಯಾವನೋ ಸರದಾರ ತಂಪು ಹೊತ್ತಿನಲ್ಲಿ ವಿಹಾರ ಮಾಡಲೆಂದು ಕಟ್ಟಿಸಿದ ಸಾಗವಾನಿಯ ದೋಣಿಯದು. ಮುಂದಿನ ಮೂತಿಗೆ ನವಿಲಿನ ಕೊರಳು ಕೆತ್ತಿದ್ದರು. ಸರದಾರರ ಮನೆತನ ಹಾಳಾಗಿ, ದೋಣಿ ಕೈಯಿಂದ ಕೈಗೆ ಬಿದ್ದು, ಕಡೆಗೆ ಕೋಳಿ ಕುರಿ ಜನ ಎಲ್ಲವನ್ನೂ ದಾಟಿಸುವ ಕಡವಿನ ದೋಣಿಯಾಗಿತ್ತು. ಅಂಬಿಗ ಆಗ ಪ್ರಾಯದವನು. ಕೊಡದಷ್ಟು ದೊಡ್ಡ ಗಂಟೆಯನ್ನು ನೋಡಿ, ತಳದಲ್ಲಿ ಮಲಗಿಸಿ ಹುಲ್ಲು ಒತ್ತಿ ಎಂದ. ಅಜ್ಜಿ ಒಪ್ಪಲಿಲ್ಲ. ದೇವರ ಗಂಟೆಯನ್ನು ಜನ ಕಾಲಿಡುವಲ್ಲಿ, ಕೋಳಿ ಹೇಲುವಲ್ಲಿ ಹೇಗೆ ಇಡುವುದು? ಎರಡು ಕವೆಗೋಲು ನಿಲ್ಲಿಸಿ, ನಡುವೆ ಗಳ ಕಟ್ಟಿ, ಆಳೆತ್ತರದಲ್ಲಿ ಗಂಟೆಯನ್ನು ತೂಗುಹಾಕಿಸಿದಳು. ನಾಲಿಗೆಗೆ ಬಟ್ಟೆ ಸುತ್ತಿಸಿದಳು, ಗುಡಿಗೆ ಮುಟ್ಟುವ ಮೊದಲು ಸಪ್ಪಳ ಆಗಬಾರದಲ್ಲ.

ನದಿಯ ನಡುವೆ ಒಂದು ಚಪ್ಪಟೆ ಬಂಡೆ ನೀರಿನ ಕೆಳಗೇ ಹಾಸಿಕೊಂಡಿದೆ, ಅದರ ಅಂಚಿಗೆ ಆಳವಾದ ಮಡು. ದೋಣಿ ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ತೂಗತೊಡಗಿತು. ತೂಗುವ ಗಂಟೆಯನ್ನು ಕಂಡು ದೋಣಿಯಲ್ಲಿದ್ದ ಹೆಂಗಸರೆಲ್ಲ, ಹೊಸ ಗಂಟೆ, ಮೊದಲು ಮುಟ್ಟಿದವರಿಗೆ ಪುಣ್ಯ ಎಂದು ಒಂದೇ ಮಗ್ಗುಲಿಗೆ ಎದ್ದು ಕೈಚಾಚಿದರು. ಅಷ್ಟೇ. ದೋಣಿ ಮಗುಚಿತು. ಬಂಡೆಯ ಮೇಲೆ ನೀರು ಎದೆಮಟ್ಟ ಇದ್ದದ್ದರಿಂದ ಎಲ್ಲರೂ ಬದುಕಿದರು, ಕೋಳಿಗಳೂ ಬದುಕಿದವು. ಗಂಟೆ ಸಿಗಲಿಲ್ಲ. ಮಡುವಿಗೆ ಬಿದ್ದಿದೆ ಎಂದು ಮುಳುಗುಗಾರರು ಮಡುವನ್ನೆಲ್ಲ ತಡಕಿದರು. ಆ ವರ್ಷದ ಮಳೆಗೆ ದೋಣಿಯ ಮೇಲೆ ಮರಳು ಕುಳಿತು, ದೋಣಿಯೂ ಕಣ್ಮರೆಯಾಯಿತು.

ಇನ್ನೊಂದು ಗಂಟೆ ಮಾಡಿಸು ಎಂದು ಅಜ್ಜ ಹೇಳಿದ, ಗುಡಿಯ ಪೂಜಾರಿ ಹೇಳಿದ, ಬಂಧುಬಳಗ ಹೇಳಿತು. "ಈಶ್ವರಗ ಕೊಟ್ಟದ್ದು ಅದು. ನನ್ನ ಮಗನ ಉಡದಾರ ಅದರಾಗ ಅದ. ಬ್ಯಾರೆ ಗಂಟಿ ಬ್ಯಾರೆಯವರು ಕಟ್ಟಲಿ" ಎಂದು ಅಜ್ಜಿ ಎಲ್ಲರ ಬಾಯಿ ಮುಚ್ಚಿಸಿದಳು. ಅಜ್ಜ ತೀರಿಹೋದ, ಅಪ್ಪ ದೊಡ್ಡವನಾಗಿ ಅದೇ ಕಚೇರಿಗೆ ಕಾರಕೂನನಾದ, ಅವ್ವ ಸೊಸೆಯಾಗಿ ಬಂದಳು, ನಾನು ಹುಟ್ಟಿದೆ. ಹೋಳಿಹುಣ್ಣಿವೆಗೆ, ಯುಗಾದಿಗೆ, ನನ್ನ ಹುಟ್ಟುಹಬ್ಬಕ್ಕೆ ಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಅಜ್ಜಿ ಪಂಕ್ತಿಯಲ್ಲಿ ನಮ್ಮ ಜೊತೆಗೇ ಕುಳಿತು ಅನ್ನ, ಕಟ್ಟಿನ ಸಾರು ಉಂಡು ಏಳುತ್ತಿದ್ದಳು.

ಇದರಿಂದ ಇಬ್ಬರು ಒಳಗೊಳಗೇ ಬೇಯುತ್ತಿದ್ದರು. ಒಬ್ಬ ಅಪ್ಪ. ಹೋಳಿಗೆಯನ್ನು ಅವನು ಔಷಧಿ ನುಂಗುವ ಹಾಗೆ ನುಂಗುತ್ತಿದ್ದ. ತಾನು ಉಳಿದದ್ದಕ್ಕೆ ತಾಯಿ ಬಾಯಿ ಕಟ್ಟಿ ಕುಳಿತಿದ್ದಾಳೆ ಎಂಬುದು ಅವನ ಎದುರಿಗೇ ಎಲೆಯಲ್ಲಿ ಕಾಣುತ್ತಿತ್ತಲ್ಲ. ಇನ್ನೊಬ್ಬಳು ಅವ್ವ. ಓಣಿಯಲ್ಲಿ ಮದುವೆ ಮುಂಜಿವೆಗೆ ಹೂರಣ ರುಬ್ಬಲು ಅವ್ವನನ್ನೇ ಕರೆಯುತ್ತಿದ್ದರು. "ಊರೆಲ್ಲ ಛಲೋ ಅದ ಅಂತದ. ಅತ್ತ್ಯಾರು ಒಂದು ತುತ್ತು ತಿಂದು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ" ಎಂದು ಒಲೆಯ ಮುಂದೆ ಗೊಣಗುತ್ತಿದ್ದಳು. ಹರಕೆ ಅವಳಿಗೆ ಗೊತ್ತಿತ್ತು. ಆದರೂ ಗೊಣಗುವುದು ಬಿಡಲಿಲ್ಲ.

ಇಷ್ಟರ ನಡುವೆ ಅಜ್ಜಿಯ ಕಿವಿ ಸೋರತೊಡಗಿ, ಮಂದವಾಗಿ, ನಾನು ಹೈಸ್ಕೂಲು ಮುಗಿಸುವಷ್ಟರಲ್ಲಿ ಪೂರಾ ಹೋಗಿಬಿಟ್ಟಿತು. ಓಣಿಯಲ್ಲಿ ಬ್ಯಾಂಡಿನವರು ಬಾರಿಸುತ್ತ ಹೋದರೂ ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂಡುತ್ತಿದ್ದಳು. ತುಟಿ ನೋಡಿ, ಕೈಸನ್ನೆ ನೋಡಿ ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದಳು. ತಿಳಿಯಬಾರದ್ದು ಮೊದಲೇ ತಿಳಿಯುತ್ತಿತ್ತು. ಒಂದು ಮಾತ್ರ ನನಗೆ ಆಗಲೇ ವಿಚಿತ್ರ ಅನ್ನಿಸಿತ್ತು. ದಿನಾ ಸಂಜೆ ಅವಳಿಗೆ ಚಕ್ಕುಲಿ ಬೇಕು. ಯಾಕೆ ಎಂದು ಕೈಯಾಡಿಸಿ ಕೇಳಿದರೆ, "ಇದೊಂದರ ಸಪ್ಪಳ ನನಗ ಇನ್ನೂ ಕೇಳಸ್ತದವಾ. ಕರಮ್ ಕರಮ್ ಅಂತ" ಅನ್ನುತ್ತಿದ್ದಳು. ಮುದುಕಿಯ ಹುಚ್ಚು ಎಂದು ನಾನು ನಕ್ಕುಬಿಡುತ್ತಿದ್ದೆ.

ನಾನು ಕಾಲೇಜು ಸೇರಿದ ವರ್ಷದ ಮಳೆಗಾಲದಲ್ಲಿ ಮುಳಾ ನದಿಗೆ ಹುಚ್ಚು ಹೊಳೆ ಬಂತು. ನೀರು ಇಳಿದು ಬೇಸಿಗೆ ಬಂದಾಗ ಬಂಡೆಯ ಮೇಲಿನ ಮರಳನ್ನೆಲ್ಲ ಹೊಳೆ ಬಳಿದುಕೊಂಡು ಹೋಗಿತ್ತು, ಹಳೆಯ ದೋಣಿ ಬೋರಲಾಗಿ ಮಲಗಿದ್ದು ಕಾಣಿಸಿತು. ಸುದ್ದಿ ಊರಿಗೆ ಹಬ್ಬಿ ಜನ ಬುತ್ತಿ ಕಟ್ಟಿಕೊಂಡು ನೋಡಲು ಬಂದರು. ಇತಿಹಾಸ ಕಲಿಸುವ ಮಾಸ್ತರರು ದಂಡೆಯ ಮೇಲೆ ನಿಂತು ಸರದಾರನ ವಂಶಾವಳಿಯ ಬಗ್ಗೆ ಜಗಳಾಡಿದರು. ಒಂದು ಸಂಜೆ ಅಪ್ಪ ಕಚೇರಿಯಿಂದ ಬಂದವನು ಟೊಪ್ಪಿಗೆಯನ್ನೂ ತೆಗೆಯದೆ ಹೇಳಿದ: ನೀರೆತ್ತುವ ಪಂಪಿನ ಕೊಳವೆಗೆ ಆ ಬಂಡೆ ಅಡ್ಡ ಬರುತ್ತದಂತೆ, ಗುತ್ತಿಗೆದಾರ ಜೂನಿನ ಮಿರಗದ ಮಳೆಗೆ ಮೊದಲೇ ಮದ್ದಿನ ಸುರಂಗ ಇಟ್ಟು ಸಿಡಿಸುತ್ತಾನಂತೆ, ದೋಣಿ ಗೀಣಿ ಎಲ್ಲ ಚೂರುಚೂರು.

ಅಜ್ಜಿ ಅಪ್ಪನ ತುಟಿಯನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಚಕ್ಕುಲಿಯನ್ನು ತಟ್ಟೆಗೆ ಇಟ್ಟಳು. "ಗಂಟಿ ಅದರ ಕೆಳಗಽ ಅದ" ಅಂದಳು.

"ಮಡುವಿನ್ಯಾಗ ಬಿದ್ದದ ಅಂತ ಎಲ್ಲಾರೂ ಹೇಳ್ತಾರಲ್ಲವ್ವಾ" ಎಂದು ಅಪ್ಪ ಕೈಯಲ್ಲಿ ಆಳದ ಸನ್ನೆ ಮಾಡಿದ.

"ಎಲ್ಲಾರಿಗೂ ಏನು ಗೊತ್ತು? ಗಳಾ ಹಿಡಕೊಂಡಾಕಿ ನಾನು. ದೋಣಿ ಅದರ ಮ್ಯಾಲೆ ಬಿತ್ತು. ಆವಾಗಿಂದ ಹೇಳಾಕ ಹತ್ತೇನಿ, ಯಾರು ಕೇಳಿದಿರಿ?" ಎಂದು ಅಜ್ಜಿ ಎದ್ದು ಒಳಗೆ ಹೋದಳು. ಅವಳು ಅಳುತ್ತಾಳೆ ಎಂದು ನಾನು ಅಂದುಕೊಂಡೆ. ಅಳಲಿಲ್ಲ. ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಅದನ್ನು ನೋಡಿ ನನ್ನ ಮೈಯೆಲ್ಲ ಉರಿಯಿತು. ಊರಿನ ಗಂಡಸರಿಗೆ ದೊಡ್ಡ ಮಡು ಕಂಡಿತ್ತು, ಒಬ್ಬ ಹೆಂಗಸು ತನ್ನ ಕೈಯಾರೆ ಹಿಡಿದಿದ್ದ ಗಳದ ಮಾತು ಮಾತ್ರ ಕೇಳಿಸಿರಲಿಲ್ಲ. ಗಂಟೆ ಅಲ್ಲಿದ್ದರೆ ತರುವವಳು ನಾನೇ ಎಂದು ಆಗಲೇ ತೀರ್ಮಾನ ಮಾಡಿದೆ.

ಬೋರಲಾದ ದೋಣಿಯ ಒಂದು ಮಗ್ಗುಲಿಗೆ ಹಲಗೆ ಕೊಳೆತು ಬಾಯಿ ಬಿಟ್ಟಿದೆ ಎಂದು ನೋಡಿಬಂದವರು ಹೇಳಿದ್ದರು. ಆ ಸಂದಿಯಲ್ಲಿ ತಲೆ ತೂರಿಸಿ ನೋಡಬೇಕು. ಉಸಿರು ಕಟ್ಟಿ ಮುಳುಗಿದರೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಮೇಲೆ ಬರಬೇಕಾಗುತ್ತದೆ, ಅದು ಬಾವಿಯಲ್ಲಿ ಉಂಗುರ ಹುಡುಕಿದ ನನಗೆ ಗೊತ್ತು. ನೀರಿನ ಕೆಳಗೆ ಮುಖ ಇಟ್ಟುಕೊಂಡೇ ಉಸಿರಾಡಬೇಕು. ಮೊದಲು ಪಪ್ಪಾಯಿ ಎಲೆಯ ಪೊಳ್ಳು ದಂಟನ್ನು ಬಾಯಲ್ಲಿಟ್ಟು ಹಿತ್ತಲ ಹೌದಿನ ತೊಟ್ಟಿಯಲ್ಲಿ ಮುಳುಗಿ ನೋಡಿದೆ. ಹಲ್ಲಿಗೆ ಸಿಕ್ಕು ಅಪ್ಪಚ್ಚಿಯಾಯಿತು, ಅದರ ಹಾಲು ತಾಗಿ ತುಟಿ ಊದಿಕೊಂಡಿತು. ಆಮೇಲೆ ನನ್ನ ಕಣ್ಣು ಒಲೆಯ ಪಕ್ಕದ ಊದುಗೊಳವೆಯ ಮೇಲೆ ಬಿತ್ತು. ಮೊಳಕ್ಕಿಂತ ಉದ್ದದ ಹಿತ್ತಾಳೆಯದು, ಅಜ್ಜಿಯ ತವರಿನಿಂದ ಬಂದದ್ದು. ಹೌದಿನಲ್ಲಿ ಮುಖ ಮುಳುಗಿಸಿ, ಕೊಳವೆಯ ಇನ್ನೊಂದು ತುದಿ ಮೇಲೆ ಇಟ್ಟು ಉಸಿರೆಳೆದೆ. ಬೂದಿಯ ರುಚಿಯ ಗಾಳಿ ಬಂತು. ನನಗೆ ಅದೇ ಸಾಕು.

"ಒಲಿ ಊದೂದು ನಾ ಹ್ಯಾಂಗ? ಮೂಗಿಲೆ ಊದಲೇನು?" ಎಂದು ಅವ್ವ ಕೂಗಾಡಿದಳು.

"ಗಂಟಿ ಸಿಕ್ಕರ ನಿನ್ನ ಹೋಳಿಗಿ ತಿಂತಾಳ ಅಜ್ಜಿ" ಅಂದೆ. ಅವ್ವ ಕೊಳವೆ ತಾನೇ ಹುಣಸೆಹಣ್ಣು ಹಚ್ಚಿ ತೊಳೆದುಕೊಟ್ಟಳು.

ಸೀಮೆಎಣ್ಣೆಯ ಡಬ್ಬಿಯ ತಳ ಕತ್ತರಿಸಿ, ಹಳೆಯ ಪಟದ ಗಾಜು ಕೂರಿಸಿ, ಸುತ್ತ ಅರಗು ಮೆತ್ತಿಸಿದೆ. ಗಾಜಿನ ಕಡೆಯನ್ನು ನೀರಿಗೆ ಒತ್ತಿ ಮೇಲಿನಿಂದ ಇಣುಕಿದರೆ ತಳ ಕನ್ನಡಿಯ ಹಾಗೆ ಕಾಣುತ್ತದೆ. ರವಿವಾರ ಬೆಳಿಗ್ಗೆ ಅಪ್ಪನೊಂದಿಗೆ ನದಿಗೆ ಹೊರಟೆ. ಅಪ್ಪನಿಗೆ ನಂಬಿಕೆ ಇರಲಿಲ್ಲ. ಆದರೆ ನನ್ನನ್ನು ತಡೆಯಲು ಧೈರ್ಯವೂ ಇರಲಿಲ್ಲ, ಒಂಟಿಯಾಗಿ ಬಿಡಲು ಮನಸ್ಸೂ ಇರಲಿಲ್ಲ.

ಕಡವಿನಲ್ಲಿ ಅದೇ ಅಂಬಿಗ ಇದ್ದ. ಈಗ ಮುದುಕ, ಬೇರೆ ದೋಣಿ, ಅದೇ ಸಿಟ್ಟು. ನಾವು ಯಾರ ಮನೆಯವರು ಎಂದು ತಿಳಿದ ಕೂಡಲೇ ಮರಾಠಿಯಲ್ಲಿ ಶುರು ಮಾಡಿದ: "ತಳದಲ್ಲಿ ಮಲಗಿಸಿ ಎಂದು ನಾನು ಆಗಲೇ ಹೇಳಿದ್ದೆ." ನನ್ನ ಕೈಯ ಊದುಗೊಳವೆಯನ್ನೂ ಡಬ್ಬಿಯನ್ನೂ ನೋಡಿ, ನದಿಯಲ್ಲಿ ಅಡುಗೆ ಮಾಡುತ್ತೀಯಾ ಎಂದ.

"ಮಾಮಾ, ಊಟಕ್ಕೆ ನಿನ್ನನ್ನೂ ಕರೆಯುತ್ತೇನೆ, ಈಗ ಹುಟ್ಟು ಹಾಕು" ಎಂದೆ ನಾನೂ ಮರಾಠಿಯಲ್ಲೇ. ಅವನು ನಕ್ಕು ದೋಣಿ ನೂಕಿದ.

ಬಂಡೆಯ ಮೇಲೆ ಇಳಿದೆ, ನೀರು ಎದೆಗೆ ಬಂತು. ಬೇಸಿಗೆಯ ನೀರು ತಿಳಿಯಾಗಿತ್ತು. ಡಬ್ಬಿಯೊಳಗೆ ಮುಖವಿಟ್ಟು ಒಂದೊಂದೇ ಹೆಜ್ಜೆ ಸರಿದೆ. ಮೊದಲು ಕಂಡದ್ದು ನವಿಲಿನ ಕೊರಳು. ಕೊಕ್ಕು ಮುರಿದಿತ್ತು, ಕಣ್ಣಿನ ಗುಳಿಯಲ್ಲಿ ಒಂದು ಶಂಖದ ಹುಳು ಮನೆ ಮಾಡಿತ್ತು. ಕೊರಳಿನ ಗರಿಗಳನ್ನು ಕೆತ್ತಿದವನ ಉಳಿಯ ಗೆರೆ ಇನ್ನೂ ಹಾಗೇ ಇತ್ತು. ಹಸಿರು ಪಾಚಿ ಹೊದ್ದ ಹಲಗೆಗಳ ಮೇಲೆ ಬೆರಳುದ್ದದ ಮೀನುಗಳು ಗುಂಪಾಗಿ ತಿರುಗುತ್ತಿದ್ದವು, ನನ್ನ ನೆರಳು ಬಿದ್ದಲ್ಲಿ ಚದುರಿ ಮತ್ತೆ ಕೂಡುತ್ತಿದ್ದವು. ಒಂದು ಕಾಲಕ್ಕೆ ಜರಿಯ ಪಗಡಿಯವರು ಕುಳಿತ ದೋಣಿ. ಎಷ್ಟು ಚಂದ ಇತ್ತೆಂದರೆ ಬಂದ ಕೆಲಸವನ್ನೇ ನಾನು ಸ್ವಲ್ಪ ಹೊತ್ತು ಮರೆತೆ. "ಏನರೆ ಕಾಣಸ್ತದೇನ?" ಎಂದು ಅಪ್ಪ ಕೂಗಿದಾಗ ಎಚ್ಚರವಾಯಿತು.

ಬಾಯಿ ಬಿಟ್ಟ ಹಲಗೆ ಸಿಕ್ಕಿತು. ಸಂದಿ ನನ್ನ ಭುಜದಷ್ಟೇ ಅಗಲ. ಕಿವಿಯಲ್ಲಿ, ಮೂಗಿನಲ್ಲಿ ಎಣ್ಣೆಹತ್ತಿ ಒತ್ತಿಕೊಂಡೆ. ಬಾವಿಯಲ್ಲಿ ತಾಸುಗಟ್ಟಲೆ ಈಜುವವರು ಹಾಗೆ ಮಾಡುತ್ತಾರೆ. ಹತ್ತಿ ಒತ್ತಿದ ಕೂಡಲೇ ಅಪ್ಪನ ಮಾತು ನಿಂತುಹೋಯಿತು, ಬರೀ ತುಟಿಗಳು ಆಡುತ್ತಿದ್ದವು. ಊದುಗೊಳವೆಯನ್ನು ಹಲ್ಲಿನಲ್ಲಿ ಕಚ್ಚಿ ಬೋರಲಾಗಿ ತೇಲಿ, ಸಂದಿಯೊಳಗೆ ತಲೆ ಇಟ್ಟೆ.

ಒಳಗೆ ಕತ್ತಲೆ. ಕಣ್ಣು ಉರಿಯುತ್ತಿತ್ತು. ಕೊಳವೆಯ ಬಾಯಿಗೆ ಒಮ್ಮೆ ಅಲೆ ಬಡಿದು ನೀರು ನುಗ್ಗಿ ಜೀವ ಬಾಯಿಗೆ ಬಂತು. ಎದ್ದು, ಕೆಮ್ಮಿ, ಅಪ್ಪ ಸಾಕು ಎಂದು ಕೈ ಮಾಡುವುದರೊಳಗೆ ಮತ್ತೆ ಮಲಗಿದೆ. ಅವಸರ ಮಾಡದೆ ನಿಧಾನವಾಗಿ ಉಸಿರೆಳೆದೆ. ಸ್ವಲ್ಪ ಸ್ವಲ್ಪವಾಗಿ ಒಳಗಿನದು ಕಾಣಿಸತೊಡಗಿತು. ಒಂದು ಮುರಿದ ಕವೆಗೋಲು. ಅದರ ಆಚೆ, ಮರಳಿನಲ್ಲಿ ಅರ್ಧ ಹುಗಿದ, ಬಾಯಿ ಮೇಲಾದ ಒಂದು ದುಂಡನೆಯ ಹಸಿರು ವಸ್ತು. ಮಡಕೆಯೂ ಆಗಿರಬಹುದು, ಕಲ್ಲೂ ಆಗಿರಬಹುದು. ಕೈ ಚಾಚಿ ಅದರೊಳಗಿನ ಮರಳನ್ನು ಬೊಗಸೆಬೊಗಸೆ ತೋಡಿದೆ, ನೀರು ರಾಡಿಯಾಗಿ ಏನೂ ಕಾಣದಾಯಿತು. ಒಂದು ಬೆಣಚುಕಲ್ಲು ಸಿಕ್ಕಿತು, ಅಂದಾಜಿನ ಮೇಲೆ ಕುಟ್ಟಿದೆ.

ಆ ನಾದ ಹೊರಗಿನಿಂದ ಬರಲಿಲ್ಲ. ನನ್ನ ತಲೆಯೊಳಗೇ ಬಾರಿಸಿದ ಹಾಗಾಯಿತು. ಎಡವೂ ಇಲ್ಲ, ಬಲವೂ ಇಲ್ಲ, ಹಲ್ಲು, ದವಡೆ, ನೆತ್ತಿಯ ಎಲುಬು ಎಲ್ಲ ಒಟ್ಟಿಗೆ ನುಡಿದವು. ಎದ್ದು ನಿಂತು ಹತ್ತಿ ಕಿತ್ತೆಸೆದು ನಾನು ಕೂಗಿದ ಕೂಗಿಗೆ ಆಚೆ ದಂಡೆಯ ಅಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ನೋಡಿದರು.

ಅಂಬಿಗ ಇನ್ನೆರಡು ಹಲಗೆ ಕಿತ್ತ, ಅಪ್ಪ ನಡುವಿಗೆ ಹಗ್ಗ ಕಟ್ಟಿಕೊಂಡು ತಾನೂ ಮುಳುಗಿದ. ಮೂವರೂ ಸೇರಿ ಗಂಟೆಯನ್ನು ಎಳೆದು ತಂದು ಗುಡಿಯ ಕಡೆಯ ದಂಡೆಗೆ ಹಾಕಿದೆವು. ಕಬ್ಬಿಣದ ನಾಲಿಗೆ ತುಕ್ಕು ಹಿಡಿದು ಕರಗಿಹೋಗಿತ್ತು, ಗಂಟೆಗೆ ಒಂದು ಸೀಳೂ ಇರಲಿಲ್ಲ. ಅಪ್ಪ ಟಾಂಗಾ ಮಾಡಿಕೊಂಡು ಅಜ್ಜಿಯನ್ನು ಕರೆತರಲು ಓಡಿದ. ನಾನು ಮರಳು ಹಾಕಿ ಗಂಟೆ ತಿಕ್ಕುತ್ತ, ಅಂಬಿಗನಿಗೆ ನನ್ನ ಪ್ರತಾಪವನ್ನು ಮತ್ತೆ ಮತ್ತೆ ಹೇಳುತ್ತ ಕುಳಿತೆ.

ಅಜ್ಜಿ ಬಂದಳು. ನಡುವಿನ ವರ್ಷಗಳಲ್ಲಿ ಕಟ್ಟಿದ್ದ ಹೊಸ ಸೇತುವೆಯ ಮೇಲಿನಿಂದ ಸುತ್ತುಹಾಕಿ ಬಂದಿದ್ದಳು, ದೋಣಿ ಹತ್ತಿರಲಿಲ್ಲ. ಗಂಟೆಯನ್ನು ಮುಟ್ಟಿ ನೋಡಿದಳು, ಅಂಚಿನ ಸುತ್ತ ಬೆರಳಾಡಿಸಿದಳು. ಅಪ್ಪನೂ ಅಂಬಿಗನೂ ಗಂಟೆಯನ್ನು ಗಳಕ್ಕೆ ಕಟ್ಟಿ ಹೆಗಲ ಮೇಲೆ ಎತ್ತಿದರು. ಅಜ್ಜಿ ಕೈಮುಗಿದು ಕಣ್ಣುಮುಚ್ಚಿ ನಿಂತಳು. ನಾನು ಕಲ್ಲಿನಿಂದ ಹೊಡೆದೆ. ಎಂಥ ನಾದ ಅದು, ನದಿಯ ಮೇಲೆಲ್ಲ ಹರಡಿತು. ಇನ್ನೊಮ್ಮೆ ಹೊಡೆದೆ. ಮತ್ತೊಮ್ಮೆ ಹೊಡೆದೆ.

ಅಜ್ಜಿ ಕಣ್ಣು ಮುಚ್ಚಿಯೇ ಇದ್ದಳು. "ಯಾಕ ನಿಂತೀರಿ? ಬಾರಸ್ರಿ" ಅಂದಳು.

ಅವಳು ಕಿವುಡಿ ಎಂಬುದು ನಮಗೆ ಗೊತ್ತಿಲ್ಲದ್ದೇ? ದಿನಾ ಕೈಸನ್ನೆಯಲ್ಲಿ ಮಾತಾಡುವವರು ನಾವು. ಆದರೆ ಗಂಟೆ ಹುಡುಕುವ ಗದ್ದಲದಲ್ಲಿ ಹರಕೆಯ ಅರ್ಧ ಮಾತು ಮಾತ್ರ ನಮ್ಮ ತಲೆಯಲ್ಲಿ ಇತ್ತು. ಅಜ್ಜಿಯ ತಲೆಯಲ್ಲೂ ಅಷ್ಟೇ ಇತ್ತೋ, ಆ ಗಂಟೆಯಾದರೆ ತನಗೆ ಕೇಳಿಸಿಯೇ ಕೇಳಿಸುತ್ತದೆ ಎಂದು ನಂಬಿದ್ದಳೋ ನನಗೆ ತಿಳಿಯದು.

ಅಪ್ಪ ಗಳ ಇಳಿಸಿ ಅವಳ ಭುಜ ಹಿಡಿದ. ಅವಳು ಕಣ್ಣು ತೆರೆದಳು. "ಬಾರಸೇವಿ ಅವ್ವಾ. ಮುಗೀತು ನಿನ್ನ ಹರಕಿ" ಎಂದು ತುಟಿ ಬಿಡಿಸಿ ಬಿಡಿಸಿ ಹೇಳಿದ.

ಅಜ್ಜಿ ಅವನ ಮುಖ ನೋಡಿದಳು, ನನ್ನ ಕೈಯ ಕಲ್ಲು ನೋಡಿದಳು. "ನನಗ ಕೇಳಿಸಲಿಲ್ಲಪಾ."

"ದೇವರಿಗೆ ಕೇಳಸೇದ. ಸಾಕು."

"ದೇವರ ಕಿವಿಗೆ ಅಂತ ನಾ ಅಂದಿದ್ದಿಲ್ಲ. ನನ್ನ ಕಿವಿಗೆ ಅಂದಿದ್ದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಗುಡಿಗೆ ಕಟ್ಟರಿ. ಅವನ ವಸ್ತು ಅವಗ ಮುಟ್ಟಲಿ. ನಂದು ಇರಲಿ ಹಂಗಽ."

ಅಪ್ಪ ದಂಡೆಯ ಮೇಲೆ ಕುಸಿದು ಕುಳಿತ. "ನಾ ಅವತ್ತು ಸತ್ತಿದ್ದರ ಛಲೋ ಇತ್ತು" ಅಂದ. ತಾಯಿಗೆ ಕೇಳಿಸುವುದಿಲ್ಲ ಎಂದು ತಲೆ ತಗ್ಗಿಸಿಕೊಂಡು ಅಂದದ್ದು. ನನಗೆ ಕೇಳಿಸಿತು. ಅಂಥ ಮಾತು ಅಪ್ಪನ ಬಾಯಿಂದ ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ನನಗೆ ಅಳು ಬರಲಿಲ್ಲ, ಕೋಪ ಬಂತು. ನದಿಯ ಮೇಲೆ, ಗಂಟೆಯ ಮೇಲೆ, ಆ ಈಶ್ವರನ ಮೇಲೂ ಬಂತು. ಕೈಯಲ್ಲಿದ್ದ ಕಲ್ಲನ್ನು ನೀರಿಗೆ ಎಸೆಯಲು ಎತ್ತಿದೆ.

ಎತ್ತಿದ ಕೈ ಅಲ್ಲೇ ನಿಂತಿತು. ಇದೇ ಗಂಟೆಯನ್ನು ದೋಣಿಯ ಕೆಳಗೆ ಕುಟ್ಟಿದಾಗ ನನ್ನ ಕಿವಿ ಮುಚ್ಚಿತ್ತಲ್ಲ. ಎಣ್ಣೆಹತ್ತಿ ಒತ್ತಿಕೊಂಡು ಅಪ್ಪನ ಕೂಗೂ ಕೇಳದಷ್ಟು ಕಿವುಡಿಯಾಗಿದ್ದೆ ನಾನು. ಆದರೂ ಎಲುಬೆಲ್ಲ ನುಡಿದಿತ್ತು. ಅಜ್ಜಿಗೆ ಚಕ್ಕುಲಿ ಕೇಳಿಸುವುದೂ ಹಲ್ಲಿನಿಂದಲೇ.

"ಅಪ್ಪಾ ಏಳು, ಗಂಟಿ ನೀರಾಗ ಇಳಸು" ಅಂದೆ. ಅವನಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಸುತ್ತ ಕೂಡುವ ತಾಳ್ಮೆ ನನಗಿರಲಿಲ್ಲ. ಅಜ್ಜಿಯ ಕೈಗೆ ಊದುಗೊಳವೆ ಕೊಟ್ಟೆ. ನನ್ನ ಕಿವಿ ಮುಚ್ಚಿ ತೋರಿಸಿದೆ, ಹಲ್ಲು ತಟ್ಟಿ ತೋರಿಸಿದೆ, ನದಿಯ ಕಡೆ ಕೈ ಮಾಡಿದೆ.

ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. "ಒಲ್ಲೆ" ಅಂದಳು. ಮಗನನ್ನೂ ಮೊಮ್ಮಗಳನ್ನೂ ಬಾವಿಗೆ ಅಟ್ಟಿದವಳು ತಾನು ಮಾತ್ರ ಆ ದಿನದಿಂದ ನೀರಿಗೆ ಕಾಲಿಟ್ಟಿರಲಿಲ್ಲ. ನಾನು ಅವಳ ಮುಂದೆ ನಿಂತು, ತುಟಿ ಕಾಣುವ ಹಾಗೆ ಹೇಳಿದೆ: "ನೀನಽ ನನಗ ಈಜಾಕ ಹಚ್ಚಿದಿ. ನಾ ಹಿಡಕೊಂಡೇನಿ. ಬಾ."

ಅಜ್ಜಿ ದಂಡೆಯಲ್ಲಿ ಕುಳಿತಿದ್ದ ಅಪ್ಪನ ಬಗ್ಗಿದ ತಲೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಿಟ್ಟಿ ಅಂದರ ನಿನ್ನ ಚರ್ಮಾ ಸುಲೀತೇನಿ" ಅಂದು ಇಳಿದಳು.

ನೀರು ಸೊಂಟಕ್ಕೆ ಬಂದಲ್ಲಿ ನಿಲ್ಲಿಸಿದೆ. ಕೊಳವೆಯನ್ನು ಅವಳು ಬಾಯಿಗಿಟ್ಟ ಕೂಡಲೇ ಕೆನ್ನೆ ಉಬ್ಬಿಸಿ ಊದಿದಳು. ಜೀವಮಾನವಿಡೀ ಅದರಲ್ಲಿ ಒಲೆ ಊದಿದವಳು, ಬೇರೆ ಏನು ಮಾಡಿಯಾಳು? ಅಂಬಿಗ ಗೊಳ್ಳೆಂದು ನಕ್ಕ. ಊದಬೇಡ, ಎಳಿ ಎಂದು ನಾನು ಎದೆ ಉಬ್ಬಿಸಿ ತೋರಿಸಿದೆ. ಕೆಮ್ಮಿದಳು, ಬೈದಳು, ಕಲಿತಳು. ಆಮೇಲೆ ಮೂಗು ಹಿಡಿದು ಬಗ್ಗಿ, ಮುಖ, ಕಿವಿ, ನರೆತ ತುರುಬು ಎಲ್ಲವನ್ನೂ ನೀರಿಗೆ ಇಳಿಸಿದಳು. ಕೊಳವೆಯ ತುದಿಯೊಂದೇ ಮೇಲೆ. ನನ್ನ ಒಂದು ಕೈ ಅವಳ ಹೊಟ್ಟೆಯ ಕೆಳಗೆ, ಒಂದು ಕೈ ಬೆನ್ನ ಮೇಲೆ. ಅಪ್ಪ ಮತ್ತು ಅಂಬಿಗ ಗಳ ಹಿಡಿದು ಗಂಟೆಯನ್ನು ಅವಳ ತಲೆಯ ಹತ್ತಿರ ನೀರೊಳಗೆ ಮುಳುಗಿಸಿ ಹಿಡಿದಿದ್ದರು. ಕಲ್ಲು ಅಪ್ಪನ ಕೈಯಲ್ಲಿತ್ತು. ನಾನು ತಲೆಯಾಡಿಸಿದೆ. ಅವನು ನೀರೊಳಗೆ ಕೈ ಹಾಕಿ ಹೊಡೆದ.

ಮೇಲೆ ನಮಗೆ ಟೊಕ್ ಎಂಬ ಮೊಂಡು ಸಪ್ಪಳ ಬಿಟ್ಟರೆ ಏನೂ ಕೇಳಿಸಲಿಲ್ಲ. ಆದರೆ ನನ್ನ ಅಂಗೈ ಕೆಳಗೆ ಅಜ್ಜಿಯ ಬೆನ್ನು ಗಟ್ಟಿಯಾಯಿತು. ಏಳುತ್ತಾಳೆ ಎಂದುಕೊಂಡೆ, ಏಳಲಿಲ್ಲ. ಅಪ್ಪ ಮತ್ತೆ ಹೊಡೆದ. ಆಗ ಊದುಗೊಳವೆಯ ಬಾಯಿಂದ ಹೂಂ ಎಂಬ ದನಿ ಬಂತು, ಮಗುವಿನ ಕತೆಗೆ ಹೂಂಗುಟ್ಟುವ ಹಾಗೆ. ಅಪ್ಪ ಹೊಡೆಯುತ್ತಲೇ ಹೋದ, ಅವಳು ಹೂಂಗುಟ್ಟುತ್ತಲೇ ಹೋದಳು. ಅಪ್ಪನ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.

ಅಜ್ಜಿ ಎದ್ದು ನಿಂತು ಮುಖದ ನೀರು ಒರೆಸಿಕೊಂಡಳು. "ಉಡದಾರದ ಗೆಜ್ಜಿ ಸಪ್ಪಳ ಅದ ಅದರಾಗ" ಅಂದಳು ಅಪ್ಪನಿಗೆ. ನೀರೊಳಗೆ ಆ ಗಂಟೆ ಹೇಗೆ ನುಡಿಯುತ್ತದೆಂದು ನಾನೂ ಕೇಳಿದ್ದೇನೆ, ಅದರಲ್ಲಿ ಯಾವ ಗೆಜ್ಜೆಯೂ ಇರಲಿಲ್ಲ. ಆದರೆ ಗಂಟೆ ದೋಣಿಯ ಕೆಳಗಿದೆ ಎಂದಾಗಲೂ ಅವಳ ಮಾತನ್ನು ಯಾರೂ ನಂಬಿರಲಿಲ್ಲವಲ್ಲ, ನಾನು ಸುಮ್ಮನಿದ್ದೆ.

ಗಂಟೆಯನ್ನು ಅಂದೇ ಗುಡಿಗೆ ಕಟ್ಟಿದೆವು. ಬರುವಾಗ ಅಜ್ಜಿ ಸೇತುವೆಯ ದಾರಿ ಬಿಟ್ಟು ಅಂಬಿಗನ ದೋಣಿ ಹತ್ತಿ, ನಡುವೆ, ತಳದಲ್ಲಿ ಕುಳಿತಳು. "ನಾನು ಆಗಲೇ ಹೇಳಿದ್ದೆ" ಎಂದು ಅಂಬಿಗ ಮತ್ತೆ ಶುರು ಮಾಡಿದ. ಅವಳು ಅವನ ತುಟಿ ನೋಡದೆ ನೀರು ನೋಡುತ್ತಿದ್ದಳು. ಕೆಲವೇ ದಿನಗಳಲ್ಲಿ ಬಂಡೆ ಸಿಡಿಯಿತು, ಸರದಾರನ ದೋಣಿಯೂ ಹೋಯಿತು. ನವಿಲಿನ ಕೊರಳನ್ನು ತರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮನೆಗೆ ಬಂದಾಗ ಓಣಿಯ ತುದಿಗೇ ಹೂರಣದ ವಾಸನೆ ಬಂತು. ಅಪ್ಪ ಅಜ್ಜಿಯನ್ನು ಕರೆಯಲು ಬಂದಾಗಲೇ ಅವ್ವ ಕಡಲೆಬೇಳೆ ಬೇಯಲು ಇಟ್ಟಿದ್ದಳು. ಊದುಗೊಳವೆ ಇಲ್ಲದೆ ಒಲೆಗೆ ಬಾಯಿಂದಲೇ ಊದಿ ಊದಿ ಅವಳ ಹುಬ್ಬು, ರೆಪ್ಪೆ ಎಲ್ಲ ಬೂದಿಯಾಗಿತ್ತು. ಅಜ್ಜಿಯ ಒದ್ದೆ ತುರುಬು ನೋಡಿದಳು, ನನ್ನ ಮುಖ ನೋಡಿದಳು, ಮಣೆ ಹಾಕಿದಳು.

ಎಲೆಗೆ ಹೋಳಿಗೆ ಬಿತ್ತು, ಮೇಲೆ ತುಪ್ಪ ಬಿತ್ತು. ನಾವು ಯಾರೂ ಕೈ ಹಾಕಲಿಲ್ಲ. ಅಜ್ಜಿ ಒಂದು ತುಂಡು ಮುರಿದು, ತುಪ್ಪದಲ್ಲಿ ಹೊರಳಿಸಿ, ಬಾಯಿಗಿಟ್ಟು ನಿಧಾನವಾಗಿ ಅಗಿದಳು. ನುಂಗಿದಳು. ಅವ್ವ ಕೈಯಲ್ಲಿ ತುಪ್ಪದ ಮಿಳ್ಳಿ ಹಿಡಿದು ನಿಂತೇ ಇದ್ದಳು.

"ಬೆಲ್ಲ ಒಂದೀಟು ಕಡಿಮಿ ಆಗೇದ" ಅಂದಳು ಅಜ್ಜಿ.

"ಹೌದ್ರಿ ಅತ್ತ್ಯಾರ" ಎಂದು ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ಅಳತೊಡಗಿದಳು. ಅಳುತ್ತಲೇ ಇನ್ನೊಂದು ಬಡಿಸಿದಳು, ಅಜ್ಜಿ ಬೇಡ ಅನ್ನಲಿಲ್ಲ.